ಮನೆಯಲ್ಲೇ ಇದ್ದೆ, ಆದರೂ ‘ಬಾಗಿಲು ಹಾಕಿತ್ತು’ ಅಂತ ಬಂತು: ನಿಮ್ಮ ಕಡೆ ಅಂಚೆ ಹೇಗಿದೆ?

ಮೂರನೇಮಹಡಿ

ಎಲ್ಲರಿಗೂ ನಮಸ್ಕಾರ. ಒಂದು ರಿಜಿಸ್ಟರ್ಡ್ ಲಕೋಟೆಗೆ ಕಾಯುತ್ತಿದ್ದೆ. ಕೆಲಸದ ಕಾಗದಪತ್ರ, ಸಹಿ ಹಾಕಿ ಕೈಯಲ್ಲೇ ತಗೋಬೇಕಾದ್ದು. ಬೆಳಗ್ಗೆ ಫೋನ್ ನೋಡಿದರೆ ‘ಬಟವಾಡೆಗೆ ಹೊರಟಿದೆ’ ಅಂತ ಇತ್ತು. ಸರಿ ಅಂತ ರಜೆ ಹಾಕಿ ಮನೆಯಲ್ಲೇ ಕೂತೆ. ಬೆಲ್ ಕೂಡ ಒಂದು ಸಲ ಒತ್ತಿ ನೋಡಿದ್ದೆ, ಚೆನ್ನಾಗೇ ಕೇಳಿಸುತ್ತೆ. ಯಾರೂ ಬರಲಿಲ್ಲ. ಸಂಜೆ ಮತ್ತೆ ನೋಡಿದರೆ ‘ಬಾಗಿಲು ಹಾಕಿತ್ತು, ಬಟವಾಡೆ ಆಗಲಿಲ್ಲ’. ಸಮಯ 5:42.

ಕೆಳಗಿನ ಮನೆಯವರಿಗೂ ಅವತ್ತೇ ಒಂದು ಪಾರ್ಸೆಲ್ ಬರಬೇಕಿತ್ತು. ಅವರ ಫೋನಿನಲ್ಲೂ ಅದೇ ಸಾಲು, ಅದೇ 5:42. ನೆಲಮಹಡಿಯ ಬಾಗಿಲು ತಟ್ಟಿ, ಕಾದು, ಮೇಲೆ ಹತ್ತಿ, ನಮ್ಮ ಬಾಗಿಲೂ ತಟ್ಟಿ, ಎಲ್ಲಾ ಒಂದೇ ನಿಮಿಷದಲ್ಲಿ ಮುಗಿಯಿತಂತೆ!

ಮರುದಿನ ಕೌಂಟರಿಗೆ ಹೋಗಿ ಗುರುತಿನ ಚೀಟಿ ತೋರಿಸಿದೆ, ಸಹಿ ಹಾಕಿದೆ, ಲಕೋಟೆ ಸಿಕ್ಕಿತು. ಅಲ್ಲಿದ್ದವರು ಒಳ್ಳೆಯವರೇ, ಜಗಳ ಆಡೋಕೆ ಮನಸ್ಸು ಬರಲಿಲ್ಲ. ‘ಬಾಗಿಲು ಹಾಕಿತ್ತು ಅಂತ ಬರೆದವರು ಯಾರು?’ ಅಂತ ಮಾತ್ರ ಕೇಳಿದೆ. ‘ಅದು ಸಿಸ್ಟಂನಲ್ಲಿ ಬರುತ್ತೆ’ ಅಂದರು. ಸಿಸ್ಟಂಗೆ ನಮ್ಮ ಮನೆ ಬಾಗಿಲು ಎಲ್ಲಿ ಕಾಣಿಸಿತೋ!

ನಿಮ್ಮ ಅನುಭವ ಹೇಳಿ. ಬೈಗುಳ ಮಾತ್ರ ಬೇಡ. ಅಂಚೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಒಳಗೆ ಏನು ನಡೆಯುತ್ತೆ ಅಂತ ತಿಳಿಸಿ.

ಹಳೇಲಕೋಟೆ

ಇದರಲ್ಲಿ ತಿಳಿಯೋಕೆ ಏನಿದೆ ಸರ್? ಸೋಮಾರಿತನ. ಮೆಟ್ಟಿಲು ಹತ್ತೋಕೆ ಬೇಜಾರು. ನಮ್ಮ ಗೇಟಿನ ಕ್ಯಾಮೆರಾದಲ್ಲಿ ಇಡೀ ದಿನದ್ದು ಓಡಿಸಿ ನೋಡಿದ್ದೇನೆ. ಹಾಲಿನವರು ಬಂದರು, ಬೆಕ್ಕು ಬಂತು, ಅಂಚೆಯವರು ಮಾತ್ರ ಬರಲಿಲ್ಲ. ಟ್ರ್ಯಾಕಿಂಗ್ ಪ್ರಕಾರ ಬಂದು ಹೋಗಿದ್ದಾರೆ.

ದೂರದತಂಗಿ

ನಮ್ಮಲ್ಲೂ ಇದೇ ಕಥೆ. ಹೋಗಲಿ, ಬಂದಿದ್ದೆವು ಅಂತ ಒಂದು ಚೀಟಿಯನ್ನಾದರೂ ಬಾಗಿಲ ಕೆಳಗೆ ತೂರಿಸಿ ಹೋಗಬಹುದಲ್ವಾ? ಅದೂ ಇಲ್ಲ.

ಚೀಲಹೊತ್ತವನು

ಬಟವಾಡೆ ಕೆಲಸ ಮಾಡಿ ನಿವೃತ್ತನಾದವನು ನಾನು. ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನೀವು ನೋಡೋದು ಬೀದಿಯಲ್ಲಿ ಓಡಾಡೋದನ್ನ ಮಾತ್ರ. ಅದಕ್ಕೂ ಮುಂಚೆ ಕಚೇರಿಯಲ್ಲೇ ಒಂದು ದೊಡ್ಡ ಕೆಲಸ ಇರುತ್ತೆ. ಗೂಡು ಗೂಡಾಗಿರೋ ಒಂದು ಕಪಾಟಿನ ಮುಂದೆ ನಿಂತು, ಬಂದ ಕಾಗದಗಳನ್ನೆಲ್ಲ ಮೊದಲು ಬೀದಿ ಪ್ರಕಾರ, ಆಮೇಲೆ ಮನೆ ಪ್ರಕಾರ ಜೋಡಿಸಬೇಕು. ಮನೆ ಅಂದರೆ ನಂಬರ್ ಪ್ರಕಾರ ಅಲ್ಲ, ನಾವು ನಡೆಯೋ ಪ್ರಕಾರ. ರಸ್ತೆಯ ಎಡಗಡೆ ಮುಗಿಸಿ ಬಲಗಡೆಗೆ ದಾಟೋದು ಎಲ್ಲಿ, ಯಾವ ಗೇಟಿಗೆ ಹಿಂದಿನಿಂದ ಹೋಗಬೇಕು, ಯಾವ ಮನೆಯಲ್ಲಿ ನಾಯಿ ಕಟ್ಟಿರಲ್ಲ, ಎಲ್ಲಾ ಆ ಜೋಡಣೆಯಲ್ಲೇ ಇರುತ್ತೆ. ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡೋದು. ರಿಜಿಸ್ಟರ್ಡ್ ಕಾಗದದ ಪಟ್ಟಿ ಬೇರೆ. ಒಂದೊಂದನ್ನೂ ಲೆಕ್ಕಕ್ಕೆ ತಗೊಂಡು, ಸಂಜೆ ಒಂದೊಂದಕ್ಕೂ ಲೆಕ್ಕ ಒಪ್ಪಿಸಬೇಕು. ಪಾರ್ಸೆಲ್ ಚೀಲ ಮತ್ತೆ ಬೇರೆ.

ಮುಂಚೆ ಚೀಲದಲ್ಲಿ ಕಾಗದ ಜಾಸ್ತಿ, ಪಾರ್ಸೆಲ್ ಕಡಿಮೆ. ಈಗ ಉಲ್ಟಾ. ಕಾಗದವನ್ನ ಡಬ್ಬಿಗೆ ಹಾಕಿ ಮುಂದೆ ಹೋಗಬಹುದು. ಪಾರ್ಸೆಲ್ ಅಂದರೆ ಬೆಲ್ ಒತ್ತಿ, ಕಾದು, ಸಹಿ ಹಾಕಿಸಬೇಕು. ಬೀಟ್ ಮಾತ್ರ, ಅಂದರೆ ಒಬ್ಬರು ದಿನಾ ಸುತ್ತಬೇಕಾದ ಬೀದಿಗಳು, ಕಾಗದದ ಕಾಲದ್ದೇ ಉಳಿದಿದೆ. ಅದೇ ಬೀದಿ, ಅಷ್ಟೇ ಹೊತ್ತು.

ಈಗ ನಿಮ್ಮ 5:42ರ ವಿಷಯ. ನಮ್ಮ ಕಚೇರಿಯಲ್ಲಿ ಹೇಗಿತ್ತು ಅಂತ ಹೇಳುತ್ತೇನೆ. ಬೆಳಗ್ಗೆ ಹೆಸರಿಗೆ ಬರೆಸಿಕೊಂಡ ಪ್ರತಿ ನಗಕ್ಕೂ ಸಂಜೆಯೊಳಗೆ ಏನಾಯಿತು ಅಂತ ಮಷೀನಿಗೆ ಉತ್ತರ ಕೊಡಲೇಬೇಕು. ಕೊಟ್ಟಾಯಿತು, ಬಾಗಿಲು ಹಾಕಿತ್ತು, ವಿಳಾಸ ಸರಿಯಿಲ್ಲ, ತಗೊಳ್ಳೋಕೆ ಒಪ್ಪಲಿಲ್ಲ, ಮನೆ ಬಿಟ್ಟು ಹೋಗಿದ್ದಾರೆ. ಇವುಗಳಲ್ಲಿ ಒಂದನ್ನ ಒತ್ತಬೇಕು. ‘ಹೊತ್ತು ಸಾಲಲಿಲ್ಲ, ಆ ಬೀದಿ ಮುಟ್ಟೋಕೇ ಆಗಲಿಲ್ಲ’ ಅನ್ನೋ ಗುಂಡಿ ನಮಗೆ ಇರಲಿಲ್ಲ. ಉಳಿದ ಕಟ್ಟನ್ನ ಕಚೇರಿ ಮೇಜಿನ ಮೇಲೆ ಇಟ್ಟುಕೊಂಡು ಒಂದಾದ ಮೇಲೊಂದು ಸ್ಕ್ಯಾನ್ ಮಾಡೋದು. ಎಲ್ಲದಕ್ಕೂ ಒಂದೇ ನಿಮಿಷ ಬರದೆ ಇನ್ನೇನು ಬರುತ್ತೆ?

ಮಾಡಿದ್ದು ಸರಿ ಅನ್ನುತ್ತಿಲ್ಲ. ಹೇಗೆ ಆಗುತ್ತೆ ಅಂತ ಹೇಳಿದೆ ಅಷ್ಟೇ.

ಹಳೇಲಕೋಟೆ

ಒಪ್ಪಿದೆ ಅಣ್ಣ, ಸೋಮಾರಿತನ ಅಂದಿದ್ದು ವಾಪಸ್. ಆದರೆ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಮೇಲಿನವರ ಕಡೆ ತಿರುಗಿತು. ಮೇಲಧಿಕಾರಿಯ ಪಟ್ಟಿಯಲ್ಲಿ ಎಲ್ಲಾ ಸರಿಯಾಗೇ ಕಾಣುತ್ತೆ. ನಾವು ಮಾತ್ರ ಮನೆಯಲ್ಲಿ ಇಲ್ಲದವರು ಅಂತ ಆದೆವು. ಪುಸ್ತಕದ ಪಾರ್ಸೆಲ್ ಆದರೆ ಹೋಗಲಿ ಅನ್ನಬಹುದು. ಬ್ಯಾಂಕಿನ ಕಾರ್ಡು ಹೀಗೇ ವಾಪಸ್ ಹೋದರೆ ಮತ್ತೆ ಅರ್ಜಿ ಹಾಕಿ ಕಾಯಬೇಕು. ಕೋರ್ಟಿನ ನೋಟಿಸ್ ವಾಪಸ್ ಹೋದರೆ? ‘ಬೇಕಂತಲೇ ತಗೊಂಡಿಲ್ಲ’ ಅಂತ ವಾದ ಮಾಡೋಕೆ ಎದುರು ಪಾರ್ಟಿಗೆ ಅಷ್ಟು ಸಾಕು. ನಮ್ಮ ಬಗ್ಗೆ ದಾಖಲೆಯಲ್ಲಿ ಸುಳ್ಳು ಕೂತಿದೆ, ಅಳಿಸೋಕೆ ನಮ್ಮ ಕೈಯಲ್ಲಿ ಗುಂಡಿ ಇಲ್ಲ.

ಚೀಲಹೊತ್ತವನು

ಅದು ನಿಜ. ಅದಕ್ಕೇ ಬಾಯಲ್ಲಿ ಜಗಳ ಆಡಬೇಡಿ, ಬರೆದು ಕೊಡಿ. ಕೌಂಟರಿನಲ್ಲಿ ಕೂಗಾಡಿದ್ದು ಸಂಜೆಗೆ ಮರೆತು ಹೋಗುತ್ತೆ. ಬರೆದು ಕೊಟ್ಟಿದ್ದಕ್ಕೆ ಯಾರಾದರೂ ಉತ್ತರ ಬರೆಯಲೇಬೇಕು. ಒಂದೇ ಬೀಟಿನಿಂದ ಹತ್ತು ಕಾಗದ ಬಂದರೆ ಆ ಬೀಟು ಜಾಸ್ತಿ ಉದ್ದ ಆಗಿದೆ ಅಂತ ಮೇಲಿನವರಿಗೂ ಗೊತ್ತಾಗುತ್ತೆ. ನಾವು ಹೇಳಿದರೆ ಕೇಳುತ್ತಿರಲಿಲ್ಲ, ಗ್ರಾಹಕರ ದೂರು ಬಂದಾಗಲೇ ನಮ್ಮಲ್ಲಿ ಒಂದು ಬೀಟನ್ನ ಎರಡು ಮಾಡಿದ್ದು.

ಮೂರನೇಮಹಡಿ

ಥ್ಯಾಂಕ್ಸ್ ಅಣ್ಣ. ಎರಡು ಫೋನಿನ ಸ್ಕ್ರೀನ್‌ಶಾಟ್ ಇದೆ, ಸಮಯದ ಸಮೇತ. ಹಾಗೇ ಲಗತ್ತಿಸಿ ಕೊಡುತ್ತೇನೆ.

ಅಂಕಿಸಂಖ್ಯೆ

ಸ್ಕ್ಯಾನ್ ಎಲ್ಲಿ ಆಯಿತು ಅಂತಲೂ ಕೇಳಿ. ಅಮೆರಿಕದ ಅಂಚೆಯವರ ಸ್ಕ್ಯಾನರ್‌ನಲ್ಲಿ ಜಿಪಿಎಸ್ ಇದೆ, ಯಾವ ಜಾಗದಲ್ಲಿ ಒತ್ತಿದರು ಅನ್ನೋದು ಉಳಿಯುತ್ತೆ. ನಿಮ್ಮ ಕಡೆಯ ಮಷೀನ್ ಹಾಗಿದ್ದರೆ ವಾದವೇ ಬೇಡ.

ಇನ್ನೊಂದು ವಿಷಯ. ಟ್ರ್ಯಾಕಿಂಗ್ ನಂಬರನ್ನ ಸುಮ್ನೆ ಕಾಪಿ ಮಾಡಿ ಹಾಕುತ್ತೇವೆ, ಅದನ್ನ ಓದೋದೇ ಇಲ್ಲ. ಬೇರೆ ದೇಶಕ್ಕೆ ಹೋಗೋ ಅಂಚೆಗೆ ವಿಶ್ವ ಅಂಚೆ ಒಕ್ಕೂಟದ ಎಸ್10 ಅನ್ನೋ ಒಂದೇ ಪದ್ಧತಿ ಇದೆ. ಒಟ್ಟು 13 ಅಕ್ಷರ. ಮೊದಲ ಎರಡು ಅಕ್ಷರ ಸೇವೆ ಯಾವುದು ಅಂತ ಹೇಳುತ್ತವೆ: ಆರ್‌ನಿಂದ ಶುರುವಾದರೆ ರಿಜಿಸ್ಟರ್ಡ್, ಸಿ ಆದರೆ ಪಾರ್ಸೆಲ್, ಇ ಆದರೆ ಇಎಂಎಸ್, ಅಂದರೆ ಬೇರೆ ದೇಶಕ್ಕೆ ಬೇಗ ಹೋಗೋ ಅಂಚೆ. ಆಮೇಲೆ 8 ಅಂಕಿ, ಅದಾದ ಮೇಲೆ ನಂಬರ್ ಸರಿಯಿದೆಯಾ ಅಂತ ಪರೀಕ್ಷಿಸೋಕೆ ಒಂದು ತಾಳೆ ಅಂಕಿ, ಕೊನೆಗೆ ಹೊರಟ ದೇಶದ ಎರಡಕ್ಷರ. ಜೆಪಿ ಅಂದರೆ ಜಪಾನ್, ಡಿಇ ಅಂದರೆ ಜರ್ಮನಿ, ಐಎನ್ ಅಂದರೆ ಭಾರತ.

ಆ ತಾಳೆ ಅಂಕಿಯಲ್ಲಿ ಒಂದು ಮಜಾ ಇದೆ. 8 ಅಂಕಿಗಳನ್ನ ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ. ಮೊತ್ತವನ್ನ 11ರಿಂದ ಭಾಗಿಸಿ, ಉಳಿದ ಶೇಷವನ್ನ 11ರಲ್ಲಿ ಕಳೆಯಿರಿ. 10 ಬಂದರೆ 0 ಹಾಕಬೇಕು, 11 ಬಂದರೆ 5. ಉದಾಹರಣೆಗೆ 12345678 ತಗೊಳ್ಳಿ. ಮೊತ್ತ 204, ಶೇಷ 6, ಹಾಗಾಗಿ ತಾಳೆ ಅಂಕಿ 5. ಕೌಂಟರಿನಲ್ಲಿ ಒಂದು ಅಂಕಿ ತಪ್ಪಾಗಿ ಟೈಪ್ ಆದರೆ ಹೆಚ್ಚಿನ ಸಲ ಕಂಪ್ಯೂಟರ್ ಅಲ್ಲೇ ಹಿಡಿಯುತ್ತೆ.

‘ನಿಮ್ಮ ಪಾರ್ಸೆಲ್ ನಿಂತಿದೆ, ಸಣ್ಣ ಶುಲ್ಕ ಕಟ್ಟಿ’ ಅಂತ ಮೆಸೇಜ್ ಬಂದಾಗ ನಾನು ಮೊದಲು ನಂಬರಿಗೆ ಈ ಲೆಕ್ಕ ಹಾಕುತ್ತೇನೆ. ಮೋಸಗಾರರು ಬಾಯಿಗೆ ಬಂದ ಅಂಕಿ ಹಾಕಿದ್ದರೆ ತಾಳೆ ಆಗಲ್ಲ. ತಾಳೆ ಆಯಿತು ಅಂತ ನಂಬಿಬಿಡಬೇಡಿ, ನಿಜವಾದ ನಂಬರನ್ನೇ ಕದ್ದು ಹಾಕಿರಬಹುದು. ಆ ಲಿಂಕ್ ಒತ್ತಬೇಡಿ, ಅಂಚೆಯವರ ಸೈಟಿಗೆ ನೀವೇ ಹೋಗಿ ನಂಬರ್ ಹಾಕಿ ನೋಡಿ.

ಪುಸ್ತಕಹುಳು

ಸಂಜೆ ಕೂತು ಹಳೇ ರಸೀದಿಗಳ ಮೇಲೆಲ್ಲ ಈ ಲೆಕ್ಕ ಹಾಕಿದೆ. ಎಲ್ಲವೂ ತಾಳೆ ಆದವು! ಮನೆಯವರು ನನ್ನನ್ನ ವಿಚಿತ್ರವಾಗಿ ನೋಡುತ್ತಿದ್ದಾರೆ.

ದೂರದತಂಗಿ

ಅಂಕಿಸಂಖ್ಯೆ ಅವರೇ, ಹಾಗಾದರೆ ಇದಕ್ಕೆ ಉತ್ತರ ಹೇಳಿ. ಅಣ್ಣ ಬೇರೆ ದೇಶದಿಂದ ಕಳಿಸಿದ ಪಾರ್ಸೆಲ್ ‘ದೇಶದಿಂದ ಹೊರಟಿದೆ’ ಅಂತ ತೋರಿಸಿ ವಾರಗಟ್ಟಲೆ ಆಯಿತು. ಅಲ್ಲಿಂದ ಮುಂದಕ್ಕೆ ಒಂದಕ್ಷರ ಇಲ್ಲ. ಸಮುದ್ರದಲ್ಲಿ ಬಿತ್ತಾ?

ಅಂಕಿಸಂಖ್ಯೆ

ಬಿದ್ದಿರಲ್ಲ ಅಕ್ಕ. ಬೇರೆ ದೇಶಕ್ಕೆ ಹೋಗೋ ಅಂಚೆಯನ್ನೆಲ್ಲ ಒಂದು ದೊಡ್ಡ ಕಚೇರಿಯಲ್ಲಿ ಸೇರಿಸಿ, ಚೀಲಕ್ಕೆ ತುಂಬಿ ಬಾಯಿ ಮುಚ್ಚುತ್ತಾರೆ. ‘ಹೊರಟಿದೆ’ ಅನ್ನೋದು ಆ ಹೊತ್ತಿನ ಸ್ಕ್ಯಾನ್. ಮುಂದೆ ಹೋಗೋದು ಚೀಲ. ನಿಮ್ಮ ಪಾರ್ಸೆಲ್ ಮತ್ತೆ ಸ್ಕ್ಯಾನ್ ಆಗೋದು ಈ ಕಡೆಯ ಅಂಥದ್ದೇ ಕಚೇರಿಯಲ್ಲಿ ಚೀಲ ಬಿಚ್ಚಿದಾಗ. ವಿಮಾನದಲ್ಲಿ ಜಾಗ ಸಿಗದೆ ಚೀಲ ಅಲ್ಲೇ ಕೂತಿದ್ದರೂ ನಿಮಗೆ ಕಾಣೋದು ‘ಹೊರಟಿದೆ’ ಅಂತಲೇ.

ಆಮೇಲೆ ಕಸ್ಟಮ್ಸ್. ಅಣ್ಣ ಫಾರ್ಮಿನಲ್ಲಿ ಏನು ಬರೆದಿದ್ದಾರೆ ಅಂತ ಕೇಳಿ. ಸಣ್ಣ ಪೊಟ್ಟಣಕ್ಕೆ ಸಿಎನ್22 ಅನ್ನೋ ಚಿಕ್ಕ ಚೀಟಿ, ಬೆಲೆ ಜಾಸ್ತಿ ಇದ್ದರೆ ಸಿಎನ್23. ಎಷ್ಟೋ ಜನ ಅದರಲ್ಲಿ ‘ಉಡುಗೊರೆ’ ಅಂತ ಒಂದೇ ಪದ ಬರೆದು ಮುಗಿಸುತ್ತಾರೆ. ಒಳಗೆ ಏನಿದೆ ಅಂತ ಕಸ್ಟಮ್ಸ್‌ನವರಿಗೆ ಹೇಗೆ ಗೊತ್ತಾಗಬೇಕು? ‘ಹತ್ತಿಬಟ್ಟೆ ಶರ್ಟ್, 2, ಇಷ್ಟು ಬೆಲೆ’ ಅಂತ ಬರೆಯಬೇಕು. ಈಗ ಕಾಗದದ ಚೀಟಿಯಷ್ಟೇ ಸಾಲಲ್ಲ. ಯುರೋಪಿಯನ್ ಒಕ್ಕೂಟ 2021ರಿಂದ ಇದೇ ವಿವರವನ್ನ ಪಾರ್ಸೆಲ್ ಬರೋ ಮುಂಚೆಯೇ ಕಂಪ್ಯೂಟರ್ ಮೂಲಕ ಕಳಿಸಬೇಕು ಅನ್ನುತ್ತೆ.

ನಿಯಮಗಳೂ ಆಗಾಗ ಬದಲಾಗುತ್ತಿವೆ. 2021ರ ಜುಲೈ 1ರಿಂದ ಯುರೋಪಿಯನ್ ಒಕ್ಕೂಟದಲ್ಲಿ 22 ಯೂರೋ ಒಳಗಿನ ಸಾಮಾನಿಗಿದ್ದ ವ್ಯಾಟ್ ವಿನಾಯಿತಿ ಹೋಯಿತು. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್ ತನಕ ಸುಂಕವಿಲ್ಲದೆ ಬಿಡುತ್ತಿದ್ದದ್ದನ್ನ ನಿಲ್ಲಿಸಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅಂತಲೇ ಸರಿಯಾಗಿ ಗೊತ್ತಾಗದೆ ಎಷ್ಟೋ ದೇಶದ ಅಂಚೆಯವರು ಅಲ್ಲಿಗೆ ಪಾರ್ಸೆಲ್ ತಗೊಳ್ಳೋದನ್ನೇ ಸ್ವಲ್ಪ ದಿನ ನಿಲ್ಲಿಸಿದ್ದರು. ಅವತ್ತು ಕೌಂಟರಿನಲ್ಲಿ ಕೂತವರು ಎಷ್ಟು ಬೈಸಿಕೊಂಡಿರಬೇಡ ಪಾಪ!

ಗಾಜಿನಾಚೆ

ಬೈಸಿಕೊಂಡವರಲ್ಲಿ ನಾನೂ ಒಬ್ಬಳು. ಕೌಂಟರಿನ ಕೆಲಸ ನನ್ನದು. ಇದೆಲ್ಲ ಓದಿ ಒಂದು ಮಾತು ಹೇಳಬೇಕು ಅನ್ನಿಸಿತು. ದಿನಾ ಇದೇ ಗೊಂದಲ ನೋಡುತ್ತೇನೆ.

ಪಾರ್ಸೆಲ್ ಬರದೆ ಇದ್ದಾಗ ಬರಬೇಕಾದವರು ನಮ್ಮ ಹತ್ತಿರ ಬಂದು ಕೂಗಾಡುತ್ತಾರೆ. ಕಳಿಸಿದವರು ಆರಾಮಾಗಿ ಮನೆಯಲ್ಲಿರುತ್ತಾರೆ. ವಿಶ್ವ ಅಂಚೆ ಒಕ್ಕೂಟದ ನಿಯಮದ ಪ್ರಕಾರ, ಸರಿಯಾದವರ ಕೈ ಸೇರೋ ತನಕ ಅಂಚೆ ಸಾಮಾನು ಕಳಿಸಿದವರದ್ದೇ. ವಿಳಾಸ ಬದಲಾಯಿಸೋದು, ವಾಪಸ್ ತರಿಸಿಕೊಳ್ಳೋದು ಅವರ ಹಕ್ಕು. ಹುಡುಕಿಸೋ ಅರ್ಜಿಯನ್ನೂ ಅವರೇ ಕೊಟ್ಟರೆ ಕೆಲಸ ಬೇಗ ಸಾಗುತ್ತೆ. ರಸೀದಿ ಇರೋದು ಅವರ ಹತ್ತಿರ, ದುಡ್ಡು ಕಟ್ಟಿದವರೂ ಅವರೇ. ಬೇರೆ ದೇಶದ ಅಂಚೆ ಆದರೆ ಕಳಿಸಿದ ಮರುದಿನದಿಂದ ಲೆಕ್ಕ ಹಾಕಿ 6 ತಿಂಗಳೊಳಗೆ ಅರ್ಜಿ ಕೊಡಬೇಕು. ‘ಇನ್ನೂ ಬರಬಹುದು, ನೋಡೋಣ’ ಅಂತ ಕಾಯುತ್ತಾ ಆ ಗಡುವು ದಾಟಿಸಿಕೊಂಡವರನ್ನ ಎಷ್ಟೋ ಸಲ ನೋಡಿದ್ದೇನೆ. ಆಮೇಲೆ ನಮ್ಮ ಕೈಯಲ್ಲಿ ಏನೂ ಇರಲ್ಲ.

ದೂರದತಂಗಿ, ನಿಮ್ಮ ಅಣ್ಣನಿಗೆ ಫೋನ್ ಮಾಡಿ, ಇವತ್ತೇ ಅಲ್ಲಿ ಅರ್ಜಿ ಕೊಡೋಕೆ ಹೇಳಿ.

ರಿಜಿಸ್ಟರ್ಡ್ ಅಂದರೆ ವಿಮೆ ಅಂದುಕೊಳ್ಳುತ್ತಾರೆ, ಅದೂ ತಪ್ಪು. ರಿಜಿಸ್ಟರ್ಡ್‌ನಲ್ಲಿ ಸಿಗೋದು ಅಂಚೆಗೆ ಹಾಕಿದ್ದಕ್ಕೆ ರಸೀದಿ, ತಲುಪಿದ್ದಕ್ಕೆ ಸಹಿ. ಕಳೆದರೆ ಪರಿಹಾರ ಒಂದು ಮಿತಿಯೊಳಗೆ, ಒಳಗಿದ್ದ ಸಾಮಾನಿನ ಬೆಲೆ ಎಷ್ಟೇ ಇರಲಿ. ಬೆಲೆಬಾಳೋದಾದರೆ ಬೆಲೆ ಬರೆಸಿ ವಿಮೆ ಮಾಡಿಸಿ. ಇದನ್ನ ನಾವು ಕೌಂಟರಿನಲ್ಲಿ ಹೇಳುತ್ತೇವೆ. ‘ಬೇಡ ಮೇಡಂ, ಏನಾಗುತ್ತೆ’ ಅನ್ನುತ್ತಾರೆ.

ಹಳೇಲಕೋಟೆ

ಮೇಡಂ, ನೀವು ಹೇಳುತ್ತೀರಿ, ಸರಿ. ನಮ್ಮ ಕೌಂಟರಿನಲ್ಲಿ ತಲೆ ಎತ್ತಿ ನೋಡೋದೇ ಇಲ್ಲ.

ಗಾಜಿನಾಚೆ

ನಮ್ಮಲ್ಲೂ ಅಂಥವರು ಇದ್ದಾರೆ ಸರ್. ಸುಳ್ಳು ಯಾಕೆ ಹೇಳಲಿ.

ಪುಸ್ತಕಹುಳು

ನಾನು ಹಳೇ ಪುಸ್ತಕ ಮಾರುತ್ತೇನೆ, ವಾರಕ್ಕೆ ಒಂದು ರಾಶಿ ಪೊಟ್ಟಣ ಕಳಿಸುತ್ತೇನೆ. ನಿಮ್ಮೆಲ್ಲರ ಸಿಟ್ಟು ಅರ್ಥ ಆಗುತ್ತೆ. ಆದರೆ ನನ್ನ ಕಡೆ ಬರೋ ತೊಂದರೆಯಲ್ಲಿ ಜಾಸ್ತಿ ಪಾಲು ವಿಳಾಸದ್ದು. ಗಿರಾಕಿಗಳು ಕೊಡೋ ವಿಳಾಸ ನೋಡಬೇಕು ನೀವು! ‘ನೀಲಿ ಗೇಟು, ನೀರಿನ ಟ್ಯಾಂಕ್ ಹಿಂದೆ’. ಮನೆ ನಂಬರ್ ಇಲ್ಲ, ಪಿನ್ ಕೋಡ್ ಪಕ್ಕದ ಊರಿನದ್ದು. ಕಾಗದ ಬೇರೆ ಕಚೇರಿಗೆ ಹೋಗಿ, ಅಲ್ಲಿ ಯಾರೋ ನೋಡಿ, ತಿದ್ದಿ, ಮತ್ತೆ ಹೊರಡಿಸಬೇಕು.

ಮಷೀನ್ ಮೊದಲು ಹುಡುಕೋದು ಆ ಕೋಡನ್ನ. ಜರ್ಮನಿಯಲ್ಲಿ 1941ರಲ್ಲಿ ಬಂತು, ಅಮೆರಿಕದಲ್ಲಿ 1963ರಲ್ಲಿ, ಭಾರತದಲ್ಲಿ 1972ರ ಆಗಸ್ಟ್ 15ರಂದು. ಐರ್ಲೆಂಡ್‌ನವರು 2015ರಲ್ಲಿ ತಂದರು, ಆದರೆ ಒಂದೊಂದು ಮನೆಗೂ ಒಂದೊಂದು ಕೋಡ್ ಕೊಟ್ಟುಬಿಟ್ಟರು. ಹಾಂಗ್‌ಕಾಂಗ್‌ನಲ್ಲಿ ಕೋಡೇ ಇಲ್ಲ. ಅಲ್ಲಿನ ಗಿರಾಕಿಗಳು ಆನ್‌ಲೈನ್ ಫಾರ್ಮ್ ತುಂಬುವಾಗ ಸೊನ್ನೆ ಸೊನ್ನೆ ಅಂತ ಹಾಕಿ ಕಳಿಸುತ್ತಾರೆ.

ಪೊಟ್ಟಣ ಕಟ್ಟುವಾಗ ನಾನು ಕೆಲವು ವಿಷಯ ಬಿಡೋದೇ ಇಲ್ಲ. ಬಾರ್‌ಕೋಡ್ ಮೇಲೆ ಹೊಳೆಯೋ ಟೇಪ್ ಅಂಟಿಸಲ್ಲ, ಬೆಳಕು ಬಿದ್ದು ಸ್ಕ್ಯಾನ್ ಆಗಲ್ಲ. ಪೆಟ್ಟಿಗೆಯ ಮೂಲೆ ಮಡಚೋ ಕಡೆ ಚೀಟಿ ಹಚ್ಚಲ್ಲ. ಹಳೇ ಪೆಟ್ಟಿಗೆ ಆದರೆ ಹಿಂದಿನ ಬಾರ್‌ಕೋಡ್ ಕಿತ್ತು ಹಾಕುತ್ತೇನೆ, ಇಲ್ಲದಿದ್ದರೆ ಮಷೀನ್ ಅದನ್ನೇ ಓದಿ ಪೊಟ್ಟಣವನ್ನ ಎಲ್ಲಿಗೋ ಅಟ್ಟುತ್ತೆ. ಇಂಕ್ ಪೆನ್ ಬಳಸಲ್ಲ, ಮಳೆಗೆ ಅಳಿಸಿ ಹೋಗುತ್ತೆ. ಮುಖ್ಯವಾಗಿ, ಕಳಿಸಿದವರ ಮತ್ತು ತಲುಪಬೇಕಾದವರ ವಿಳಾಸ ಎರಡನ್ನೂ ಇನ್ನೊಂದು ಕಾಗದದಲ್ಲಿ ಬರೆದು ಪೆಟ್ಟಿಗೆ ಒಳಗೆ ಹಾಕುತ್ತೇನೆ. ಹೊರಗಿನ ಚೀಟಿ ಕಿತ್ತು ಹೋದರೂ, ಬಿಚ್ಚಿ ನೋಡಿದವರಿಗೆ ಯಾರದ್ದು ಅಂತ ಗೊತ್ತಾಗುತ್ತೆ. ಹೀಗೆ ಉಳಿದುಕೊಂಡ ಪುಸ್ತಕಗಳಿವೆ.

ಚೀಲಹೊತ್ತವನು

ಪುಸ್ತಕಹುಳು ಹೇಳಿದ್ದು ನೂರಕ್ಕೆ ನೂರು. ಮನೆಯವರಿಗೂ ಒಂದು ಮಾತು. ಬಾಗಿಲ ಮೇಲೆ, ಡಬ್ಬಿ ಮೇಲೆ ಹೆಸರು ಹಾಕಿ. ಬಾಡಿಗೆ ಮನೆಗಳಲ್ಲಿ ಹಿಂದಿದ್ದವರ ಹೆಸರು ಹಾಗೇ ಇರುತ್ತೆ. ಹೊಸಬರ ಕಾಗದ ಬಂದರೆ ‘ಈ ಹೆಸರಿನವರು ಇಲ್ಲ’ ಅಂತ ವಾಪಸ್.

ಮಬ್ಬುಕನ್ನಡಕ

ನಾನು ಒಂದು ಒಳ್ಳೆಯ ಅನುಭವ ಹೇಳಲಾ? ಎಲ್ಲರೂ ದೂರುತ್ತಿದ್ದಾರೆ ಅಂತ.

ನಮ್ಮ ಬೀದಿಗೆ ವರ್ಷಾನುಗಟ್ಟಲೆ ಒಬ್ಬರೇ ಬರುತ್ತಿದ್ದರು. ಮನೆ ನಂಬರ್ ತಪ್ಪಿದ್ದರೂ ಹೆಸರು ನೋಡಿ ತಂದುಕೊಡುತ್ತಿದ್ದರು. ನಮ್ಮಜ್ಜಿ ಒಬ್ಬರೇ ಇದ್ದರು, ಪಿಂಚಣಿ ಕಾಗದ ಬಂದರೆ ಡಬ್ಬಿಗೆ ಹಾಕದೆ ಬಾಗಿಲು ತಟ್ಟಿ ಕೈಗೆ ಕೊಡುತ್ತಿದ್ದರು. ಅಜ್ಜಿ ಬಾಗಿಲಿಗೆ ಬರೋ ತನಕ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು, ಮುಂದಿನ ಮನೆಯ ಕಟ್ಟನ್ನ ಬೆರಳಲ್ಲಿ ಸರಿಸುತ್ತಾ ನಿಂತಿರುತ್ತಿದ್ದರು. ಒಂದು ಸಲ ಹಿಂದಿನ ದಿನದ ಕಾಗದ ಡಬ್ಬಿಯಲ್ಲೇ ಇದ್ದದ್ದು ನೋಡಿ, ಪಕ್ಕದ ಮನೆಯವರನ್ನ ಕರೆದು ಬಾಗಿಲು ತೆಗೆಸಿದರು. ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದರು. ಕಾಲು ಮುರಿದಿತ್ತು, ಜೀವ ಉಳಿಯಿತು.

ಅವರು ನಿವೃತ್ತರಾದ ಮೇಲೆ ದಿನಕ್ಕೊಬ್ಬರು ಬದಲಿ ಬರೋಕೆ ಶುರುವಾಯಿತು. ಆವಾಗಿನಿಂದ ನಮ್ಮ ಕಾಗದ ಎದುರು ಮನೆಗೆ, ಅವರದ್ದು ನಮಗೆ. ಬೀದಿಯವರು ಸಂಜೆ ಹೊತ್ತು ಕಾಗದ ಅದಲುಬದಲು ಮಾಡಿಕೊಳ್ಳುತ್ತೇವೆ. ಪರಿಚಯ ಬೆಳೆಯಿತು ಅಂತ ಬೇಕಾದರೆ ಖುಷಿ ಪಡಬಹುದು.

ಚೀಲಹೊತ್ತವನು

ಬೀಟಿಗೆ ಒಬ್ಬರೇ ಕಾಯಂ ಇರಬೇಕು ಅಂತ ನಾವು ಬಡಿದುಕೊಂಡಿದ್ದು ಇದಕ್ಕೇ. ಗೂಡಿನ ಕಪಾಟಿನಲ್ಲಿ ಮನೆ ನಂಬರ್ ಬರೆದಿರಬಹುದು. ‘ಈ ಅಜ್ಜಿಗೆ ಕಿವಿ ಮಂದ, ಎರಡು ಸಲ ತಟ್ಟಬೇಕು’ ಅಂತ ಎಲ್ಲಿ ಬರೆದಿರುತ್ತೆ?

ಅಂಕಿಸಂಖ್ಯೆ

ಕಾಯಂ ಜನ ಇಡೋಕೆ ಕಾಗದವೇ ಇಲ್ಲ ಅನ್ನುತ್ತಾರೆ ಈಗ. ಡೆನ್ಮಾರ್ಕ್ ನೋಡಿ. ಅಲ್ಲಿ 1624ರಿಂದ ಇದ್ದ ಅಂಚೆ. 2000ದಲ್ಲಿ ವರ್ಷಕ್ಕೆ 140 ಕೋಟಿಯಷ್ಟಿದ್ದ ಕಾಗದ 2024ಕ್ಕೆ 11 ಕೋಟಿಗೆ ಇಳಿಯಿತು. 2025ರ ಕೊನೆಗೆ ಅಲ್ಲಿನ ಅಂಚೆ ಕಂಪನಿ ಪೋಸ್ಟ್‌ನಾರ್ಡ್‌ನವರು ಅಲ್ಲಿ ಕಾಗದ ಹಂಚೋದನ್ನೇ ನಿಲ್ಲಿಸಿದರು. ಪಾರ್ಸೆಲ್ ಮಾತ್ರ ಇಟ್ಟುಕೊಂಡರು, ಬೀದಿಯ ಅಂಚೆ ಡಬ್ಬಿಗಳನ್ನ ಕಿತ್ತರು. ಬ್ರಿಟನ್‌ನಲ್ಲೂ 2025ರ ಜುಲೈನಿಂದ ಎರಡನೇ ದರ್ಜೆಯ, ಅಂದರೆ ಕಡಿಮೆ ದರದ ನಿಧಾನದ ಕಾಗದವನ್ನ ದಿನ ಬಿಟ್ಟು ದಿನ ಹಂಚೋಕೆ ಒಪ್ಪಿಗೆ ಸಿಕ್ಕಿದೆ.

ಹಳೇಲಕೋಟೆ

ಕಾಗದ ಕಡಿಮೆ ಆಯಿತು ಅಂತ ಸೇವೆ ಕಡಿಮೆ ಮಾಡುತ್ತಾರೆ. ಸೇವೆ ಸರಿಯಿಲ್ಲ ಅಂತ ಜನ ಕಾಗದ ಹಾಕೋದು ಬಿಡುತ್ತಾರೆ. ಇದು ಯಾವಾಗ ನಿಲ್ಲುತ್ತೆ? ಎಲ್ಲಾ ಇಮೇಲಿನಲ್ಲಿ ಮುಗಿಯುತ್ತೆ ಅನ್ನುವವರಿಗೆ ಮಬ್ಬುಕನ್ನಡಕ ಅವರ ಅಜ್ಜಿಯನ್ನ ತೋರಿಸಬೇಕು.

ಮೂರನೇಮಹಡಿ

ದೂರಿಗೆ ಉತ್ತರ ಬಂತು. ‘ಸಂಬಂಧಪಟ್ಟ ಸಿಬ್ಬಂದಿಗೆ ಸೂಚನೆ ನೀಡಲಾಗಿದೆ’ ಅಂತ ಎರಡು ಸಾಲು. ಇದರಿಂದ ಆ ಹುಡುಗನಿಗೆ ಬೈಗುಳ ಬಿದ್ದಿರುತ್ತೆ, ಬೀಟು ಅಷ್ಟೇ ಉದ್ದ ಇರುತ್ತೆ, ಅಲ್ವಾ? ಅದಕ್ಕೇ ಇನ್ನೊಂದು ಬರೆದೆ. ಸಿಬ್ಬಂದಿಯ ಮೇಲೆ ಕ್ರಮ ಬೇಡ, ಅವತ್ತು ಈ ಬೀದಿಯಲ್ಲಿ ಎಷ್ಟು ನಗಕ್ಕೆ ‘ಬಾಗಿಲು ಹಾಕಿತ್ತು’ ಅಂತ ಒಂದೇ ನಿಮಿಷದಲ್ಲಿ ಬಿತ್ತು ಅಂತ ಲೆಕ್ಕ ಕೊಡಿ ಅಂತ ಕೇಳಿದ್ದೇನೆ. ಕೆಳಗಿನ ಮನೆಯವರೂ ಸಹಿ ಹಾಕಿದ್ದಾರೆ.

ಚೀಲಹೊತ್ತವನು

ಚೆನ್ನಾಗಿ ಕೇಳಿದ್ದೀರಿ. ಸ್ವೀಕೃತಿ ಚೀಟಿಗೆ ಠಸ್ಸೆ ಹಾಕಿಸಿಕೊಂಡಿರಿ ತಾನೇ?

ಮೂರನೇಮಹಡಿ

ಹೌದಣ್ಣ, ತಾರೀಕಿನ ಸಮೇತ.

ಹೊಸಬ್ಬ

ತಡವಾಗಿ ಬಂದೆ, ನನ್ನದು ಉಲ್ಟಾ ಕೇಸು. ಟ್ರ್ಯಾಕಿಂಗ್‌ನಲ್ಲಿ ‘ತಲುಪಿದೆ’ ಅಂತ ಇದೆ, ನನ್ನ ಕೈಗೆ ಬಂದಿಲ್ಲ. ಏನು ಮಾಡಲಿ?

ಗಾಜಿನಾಚೆ

ಮೊದಲು ಅಕ್ಕಪಕ್ಕದ ಮನೆ, ವಾಚ್‌ಮನ್, ಮೀಟರ್ ಡಬ್ಬಿ ಹಿಂದೆ ನೋಡಿ. ನಗುತ್ತಿಲ್ಲ, ನಿಜವಾಗಿ ಸಿಗುತ್ತೆ. ಇಲ್ಲ ಅಂದರೆ ಕಳಿಸಿದವರಿಗೆ ಹೇಳಿ ಬಟವಾಡೆಯ ಪುರಾವೆ ಕೇಳಿಸಿ, ಸಹಿ ಹಾಕಿದ್ದು ಯಾರು ಅಂತ ನೋಡಬೇಕು. ನಿಮ್ಮ ಸಹಿ ಅಲ್ಲ ಅಂದರೆ ಅದನ್ನ ಹಾಗೇ ಬರೆದು ಕೊಡಿ. ಸಹಿ ಬೇಡದ ಸಾದಾ ಪಾರ್ಸೆಲ್ ಆಗಿದ್ದರೆ ಯಾವ ದಿನ, ಎಷ್ಟು ಹೊತ್ತಿಗೆ ಸ್ಕ್ಯಾನ್ ಆಗಿದೆ ಅಂತ ಬರೆದಿಟ್ಟುಕೊಂಡು ಬಟವಾಡೆ ಆಗೋ ಕಚೇರಿಗೆ ಬೆಳಗ್ಗೆಯೇ ಹೋಗಿ. ಚೀಲ ಹೊರಡೋ ಮುಂಚೆ ಆ ಬೀಟಿನವರು ಅಲ್ಲೇ ಇರುತ್ತಾರೆ, ಅವರನ್ನೇ ಕೇಳಬಹುದು. ಮಧ್ಯಾಹ್ನ ಹೋದರೆ ನನ್ನಂಥವರು ಮಾತ್ರ ಸಿಗುತ್ತೇವೆ, ನಮಗೆ ಕಾಣೋದೂ ನಿಮ್ಮ ಫೋನಿನಲ್ಲಿ ಇರೋ ಅದೇ ಸಾಲು.

ಹೊಸಬ್ಬ

ಮೀಟರ್ ಡಬ್ಬಿ ಹಿಂದೆ ಇಲ್ಲ. ವಾಚ್‌ಮನ್ ರಜೆಯಲ್ಲಿದ್ದಾರೆ. ನಾಳೆ ಬೆಳಗ್ಗೆ ಹೋಗುತ್ತೇನೆ ಮೇಡಂ.